ಟೇಪು ಮಾಮನ ಕೋಟಿನೊಳಗಿನ ದಿನಗಳು

ಟೇಪು ಮಾಮ ನಡೆಯುವುದನ್ನು ಹಿಂದಿನಿಂದ ನೋಡಿದರೆ ರಸ್ತೆಯನ್ನೇ ಅಳೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು: ಒಂದೇ ಉದ್ದದ ಹೆಜ್ಜೆ, ಒಂದೇ ವೇಗ, ಕೊರಳಲ್ಲಿ ಸದಾ ತೂಗಾಡುವ ಹಳದಿ ಟೇಪು, ಮೈಮೇಲೆ ಸುಡುಬಿಸಿಲಿಗೂ ಜಗ್ಗದ ಬೂದುಬಣ್ಣದ ಕೋಟು. ಪರದೇಶದ ದೊಡ್ಡ ಹೋಟೆಲೊಂದರಲ್ಲಿ ತಾತ್ಕಾಲಿಕ ಪರವಾನಗಿಯ ಮೇಲೆ ದುಡಿಯುತ್ತಿದ್ದವರು ನಾವು. ಅವರು ಹೊಲಿಗೆ ಯಂತ್ರದ ಮುಂದೆ, ನಾನು ಪಕ್ಕದ ಇಸ್ತ್ರಿ ಮೇಜಿನ ಮುಂದೆ. ಮಾಮ ಆಡುವ ಮಾತು ಅಲ್ಪ. ಆಡಿದ್ದನ್ನು ‘ಸರಿಯಾಗಿ ಹೇಳ್ಬೇಕಂದ್ರೆ’ ಎಂದು ತಿದ್ದಿ ಇನ್ನೊಮ್ಮೆ ಆಡುವ ಚಟ ಬೇರೆ. ಗಂಟೆ ಕೇಳಿದರೆ ಹತ್ತೂವರೆ ಎನ್ನುವರು, ಮರುಕ್ಷಣವೇ ಸರಿಯಾಗಿ ಹೇಳಬೇಕೆಂದರೆ ಹತ್ತು ಇಪ್ಪತ್ತೆಂಟು ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಕೋಟಿನ ನಿಜವಾದ ವೈಭವವಿದ್ದದ್ದು ಒಳಮೈಯಲ್ಲಿ. ಈ ದೇಶಕ್ಕೆ ಕಾಲಿಟ್ಟ ದಿನದಿಂದ ಮಾಮ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಲೈನಿಂಗಿಗೆ ಬಿಳಿ ದಾರದ ಒಂದು ಪುಟ್ಟ ಹೊಲಿಗೆ ಹಾಕುತ್ತಿದ್ದರು, ತಿಂಗಳಿಗೊಂದು ಸಾಲು. ದಿನ ಎಣಿಸಿ ಗೀಟು ಹಾಕಲು ಇದೇನು ಜೈಲಿನ ಗೋಡೆಯೇ ಎಂದು ನಾನು ಛೇಡಿಸಿದರೆ ನಕ್ಕು ದಾರ ಕತ್ತರಿಸುತ್ತಿದ್ದರು.

ತೆರಿಗೆಯ ಕಾಲ ಬಂತು. ನಮ್ಮ ಕೋಣೆಯವರೆಲ್ಲ ತೆರಿಗೆ ಕಾಗದ ತುಂಬಿಕೊಡುವ ಏಜೆಂಟನ ಖಾಲಿ ಫಾರ್ಮಿಗೆ ಕಣ್ಣುಮುಚ್ಚಿ ಸಹಿ ಹಾಕಿ ಕೈತೊಳೆದುಕೊಂಡೆವು. ಮಾಮ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

‘ನನ್ನ ಅಳತೆ ನಾನೇ ತಗೋತೀನಿ ಕಣೋ,’ ಅಂದರು.

ನಾಲ್ಕು ಭಾನುವಾರ ನಿಘಂಟು ತಿರುವಿಹಾಕಿ ಫಾರ್ಮು ತುಂಬಿದರು. ವರ್ಷದಲ್ಲಿ ನೂರ ಎಂಬತ್ತಮೂರು ದಿನಕ್ಕಿಂತ ಹೆಚ್ಚು ದೇಶದೊಳಗಿದ್ದವರಿಗೆ ಅಲ್ಲಿ ಫಾರ್ಮೇ ಬೇರೆ. ವರ್ಷದ ನಡುವೆ ಬಂದಿದ್ದ ಮಾಮ ತಾನಿದ್ದದ್ದು ನೂರ ಎಂಬತ್ತೊಂದು ದಿನ ಎಂದು ಬರೆದರು. ಮೂರು ತಿಂಗಳಿಗೆ ತೆರಿಗೆ ಕಚೇರಿಯಿಂದ ಪತ್ರ ಬಂತು. ನೀವು ಇದ್ದದ್ದು ಇನ್ನೂರು ದಿನ, ಕೊಟ್ಟದ್ದು ಸುಳ್ಳು ಹೇಳಿಕೆ, ಪರವಾನಗಿಯ ನವೀಕರಣ ತಡೆಹಿಡಿಯಲಾಗಿದೆ. ತಿಂಗಳೊಳಗೆ ಸಾಬೀತುಮಾಡದಿದ್ದರೆ ಗಂಟುಮೂಟೆ ಕಟ್ಟಬೇಕು. ಏಜೆಂಟನ ಹತ್ತಿರ ಹೋಗಿದ್ದರೆ ಈ ಪಾಡಿರಲಿಲ್ಲ ಎಂದು ನಾನೂ ನಾಲ್ಕು ಮಾತು ಆಡಿದೆ, ಇಂದಿಗೂ ನಾಚಿಕೆಯಾಗುತ್ತದೆ.

ವ್ಯತ್ಯಾಸದ ಹತ್ತೊಂಬತ್ತು ದಿನ ಮಾಮ ಗಡಿಯಾಚೆಯ ದೇಶದಲ್ಲಿದ್ದರು. ಅಲ್ಲಿನ ಶಾಖೆಯ ಪರದೆ ಹೊಲಿಯಲು ಹೋಟೆಲಿನವರೇ ವ್ಯಾನಿನಲ್ಲಿ ಕಳಿಸಿದ್ದರು, ಆ ಗಡಿಯಲ್ಲಿ ಪಾಸ್‌ಪೋರ್ಟಿಗೆ ಯಾರೂ ಮುದ್ರೆ ಒತ್ತುವುದಿಲ್ಲ. ಯಾವ ತಾರೀಖೆಂದು ಹೇಳಿದರೆ ಹಾಜರಿ ಪುಸ್ತಕ ಹುಡುಕುತ್ತೇವೆ ಎಂದರು ಶಾಖೆಯವರು. ಮಾಮ ಕೋಟು ಬಿಚ್ಚಿದರು. ಬಿಳಿಯ ಸಾಲುಗಳ ನಡುವೆ ಹತ್ತೊಂಬತ್ತು ಹೊಲಿಗೆ ಕಪ್ಪು ದಾರದವು! ಸಾಲು ತಿಂಗಳು ಹೇಳಿತು, ಸಾಲಿನಲ್ಲಿನ ಜಾಗ ತಾರೀಖು. ನಾಲ್ಕನೆಯ ದಿನಕ್ಕೆ ಹಾಜರಿಯ ಪ್ರತಿ ಕೈಸೇರಿತು.

ತೆರಿಗೆ ಕಚೇರಿಯ ಕಿಟಕಿಯಾಚೆಯ ಅಧಿಕಾರಿಣಿ ಕನ್ನಡಕ ಏರಿಸಿ, ಪೆನ್ಸಿಲಿನ ತುದಿಯಲ್ಲಿ ಆ ವರ್ಷದ ಸಾಲುಗಳ ಒಂದೊಂದೇ ಹೊಲಿಗೆ ಮುಟ್ಟುತ್ತ ಎಣಿಸಿದರು. ಕಪ್ಪು ಹತ್ತೊಂಬತ್ತು ಹಾಜರಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು. ಬಿಳಿಯದು ನೂರ ಎಂಬತ್ತಕ್ಕೇ ನಿಂತಿತು. ಒಂದು ಕಡಿಮೆ! ಇಷ್ಟು ದೂರ ಬಂದು ಎಡವಿದೆವಲ್ಲ ಅಂದುಕೊಂಡೆ. ಮಾಮ ಶಾಂತವಾಗಿ ಮೂರನೆಯ ಸಾಲಿನ ಒಂದು ಖಾಲಿ ಜಾಗ ತೋರಿಸಿದರು. ತಮ್ಮ ಹರಕುಮುರುಕು ಪರಭಾಷೆಯಲ್ಲಿ ಅವರು ಹೇಳಿದ್ದು ಇಷ್ಟು:

‘ಅವತ್ತು ಜ್ವರ, ಸೂಜಿ ಹಿಡಿಯೋಕಾಗ್ಲಿಲ್ಲ. ಆದ್ರೆ ಮಲಗಿದ್ದು ಈ ದೇಶದಲ್ಲೇ ಅಲ್ವಾ ಅಮ್ಮಾ? ಅದನ್ನೂ ಸೇರಿಸ್ಕೊಳ್ಳಿ.’

ಆಕೆ ಮಾಮನನ್ನೇ ಒಂದು ಗಳಿಗೆ ನೋಡಿದರು. ತನ್ನ ವಿರುದ್ಧವೇ ಒಂದು ದಿನ ಕೂಡಿಸಿಕೊಳ್ಳಿ ಎನ್ನುವ ಮನುಷ್ಯ ಆ ಕಿಟಕಿಗೆ ಹಿಂದೆ ಬಂದಿರಲಿಲ್ಲವೇನೋ. ಮುದ್ರೆ ಒತ್ತಿ ಕಾಗದ ಹೊರತಳ್ಳಿ, ಕೋಟನ್ನು ತಾವೇ ಮಡಚಿ ಎರಡೂ ಕೈಯಲ್ಲಿ ಕೊಟ್ಟರು. ಗೆದ್ದುಬಿಟ್ಟೆವು! ಹೊರಗೆ ಮೆಟ್ಟಿಲಿಳಿಯುವಾಗ ಮಾಮನ ಹೆಜ್ಜೆ ಮೊದಲ ಬಾರಿಗೆ ಅಳತೆ ತಪ್ಪಿತು. ಒಮ್ಮೆಗೆ ಎರಡೆರಡು ಮೆಟ್ಟಿಲು ಹಾರುತ್ತಿದ್ದರು ಪುಣ್ಯಾತ್ಮ. ಮರುವರ್ಷ ನಮ್ಮ ಕೋಣೆಯ ಹನ್ನೊಂದು ಮಂದಿಯೂ ಏಜೆಂಟನನ್ನು ಬಿಟ್ಟು ನಿಘಂಟು ಹಿಡಿದೆವು, ಪ್ರತಿಯೊಬ್ಬನ ಕೋಟಿನೊಳಗೂ ಸೊಟ್ಟಸೊಟ್ಟ ಹೊಲಿಗೆಗಳಿದ್ದವು.

ಪರವಾನಗಿಯ ಮೇಲೆ ಬಾಳುವವರ ದಿನಗಳನ್ನು ಎಣಿಸುವವರು ಎಷ್ಟೋ ಮಂದಿ: ಧಣಿ, ಗಡಿ, ಕಚೇರಿ. ಅವರೆಲ್ಲರಿಗಿಂತ ಮೊದಲು ತನ್ನ ದಿನವನ್ನು ತಾನೇ ಎಣಿಸಿ, ಜ್ವರದ ದಿನವನ್ನೂ ಬಿಡದೆ ಒಪ್ಪಿಕೊಳ್ಳುವ ಜಾತಿಯೊಂದುಂಟು. ಅಂಥವರನ್ನು ಯಾವ ದೇಶವೂ ಸುಳ್ಳುಗಾರರೆಂದು ಹೊರಗಟ್ಟಲಾರದು. ಸರಿಯಾಗಿ ಹೇಳಬೇಕೆಂದರೆ, ಎದ್ದುನಿಂತು ಕೋಟು ತೊಡಿಸಿ ಕಳಿಸಬೇಕಾಗುತ್ತದೆ.