ಹನ್ನೊಂದನೆಯ ಪ್ರಶ್ನೆ

ಫಾರ್ಮಿನ ಹನ್ನೊಂದನೆಯ ಪ್ರಶ್ನೆಯ ಹತ್ತಿರ ಸುರೇಖಾಳ ಪೆನ್ನು ನಿಂತಿತು. 'ಕುಟುಂಬದಲ್ಲಿ ಯಾರಾದರೂ ನಲವತ್ತು ವರ್ಷದೊಳಗೆ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಓಡುವಾಗ ಅಭ್ಯರ್ಥಿಗೆ ಎಂದಾದರೂ ಪ್ರಜ್ಞೆ ತಪ್ಪಿದೆಯೇ?'

"ಇಲ್ಲಂತ ಬರೀ ವೈನಿ," ನಾದಿನಿ ದೀಪಾ ಅವಳ ಕಿವಿಯ ಹತ್ತಿರ ಬಗ್ಗಿದಳು. "ಎಲ್ಲಾರೂ ಇಲ್ಲಂತನ ಬರ್ಯಾಕತ್ತಾರ. ಹೌದಂದ್ರ ಇಲ್ಲಿಂದನ ಮಸ್ಕಿ ಬಸ್ ಹತ್ತಸ್ತಾರ. ಆಮ್ಯಾಲ ನಾ ಹತ್ತಿ ಬಿಡಸ್ಕೋತ ಕುಂದ್ರಬೇಕು ನೋಡು."

ಲಿಂಗಸುಗೂರಿನ ಆ ಮೈದಾನದ ಬೇವಿನ ನೆರಳಿನಲ್ಲಿ ನಲವತ್ತು ಹುಡುಗಿಯರು ಕೂತಿದ್ದರು. ಕ್ರೀಡಾ ವಸತಿ ನಿಲಯದಲ್ಲಿ ಇದ್ದದ್ದು ಎಂಟು ಸೀಟು. ಸುರೇಖಾ 'ಇಲ್ಲ' ಎಂದು ಬರೆದಳು. ಎಂ.ಎ. ಓದಿದ ಕೈ, ಅಕ್ಷರ ದುಂಡಗೆ ಬಂತು.

ಅವಳ ಗಂಡ ಪಂಪಾಪತಿ ಪೊಲೀಸ್ ಭರ್ತಿಗೆಂದು ದಿನಾ ಮುಂಜಾನೆ ಪಾಮನಕಲ್ಲೂರಿನ ರಸ್ತೆಯಲ್ಲಿ ಓಡುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಹಾಗೆ ಓಡುತ್ತಲೇ ಬಿದ್ದ, ಏಳಲಿಲ್ಲ. ಇಪ್ಪತ್ತೇಳು ವರ್ಷ. ಯಾಕೆ ಎಂದು ಯಾವ ಡಾಕ್ಟರನ್ನೂ ಯಾರೂ ಕೇಳಲಿಲ್ಲ. ಅವನ ತಾಯಿ ಬಸ್ಸಮ್ಮ ತಾನೇ ಒಂದು ಕಾರಣ ಕಂಡುಕೊಂಡಳು. ಅಂದು ಅವನಿಗೆ ಹಾಲಿನಲ್ಲಿ ಎರಡು ರೊಟ್ಟಿ ಕಿವುಚಿ ತಿನ್ನಿಸಿದ್ದಳಂತೆ. ತುಂಬಿದ ಹೊಟ್ಟೆ ಎದೆಗೆ ಏರಿತಂತೆ. ಅಂದಿನಿಂದ ಆ ಮನೆಯಲ್ಲಿ ಓಡುವವರಿಗೆ ಅನ್ನವಿಲ್ಲ. ದೀಪಾ ನಿನ್ನೆ ಸಂಜೆಯಿಂದ ಬರಿಹೊಟ್ಟೆಯಲ್ಲಿದ್ದಳು. ಕಳೆದ ತಿಂಗಳು ತೊಗರಿ ಹೊಲದ ಬದುವಿನ ಮೇಲೆ ಓಡುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದಳು. "ಖಾಲಿ ಹೊಟ್ಟಿಗೆ ಚಕ್ಕರ್ ಬಂದದ," ಎಂದು ಬಸ್ಸಮ್ಮ ಬಾಯಿಗೆ ಬೆಲ್ಲ ಇಟ್ಟು ಎಬ್ಬಿಸಿದ್ದಳು.

ಅಣ್ಣನದು ತುಂಬಿದ ಹೊಟ್ಟೆ, ತಂಗಿಯದು ಖಾಲಿ ಹೊಟ್ಟೆ. ಸುರೇಖಾಳಿಗೆ ಇಬ್ಬರೂ ಬಿದ್ದದ್ದು ಒಂದೇ ಕಾರಣಕ್ಕೆ ಎನಿಸಿತ್ತು. ಆದರೆ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಅವಳು ಮಾತಾಡುವುದೇ ಕಡಿಮೆಯಾಗಿತ್ತು.

"ಏ ಮಸ್ಕಿ ಮಂದಿ, ಲೇಸ್ ಬಿಗೀರಿ ಬೇ!" ಪರೀಕ್ಷೆ ನಡೆಸುವ ಮಂಜೂರ್ ಸರ್ ಕೂಗಿದರು. "ಬಿದ್ರ ಮೂಗು ನಿಮ್ದು, ನೆಲ ಸರಕಾರದ್ದು. ನೆಲಕ್ಕೇನೂ ಆಗಂಗಿಲ್ಲ."

ಹುಡುಗಿಯರು ನಕ್ಕರು. ದೀಪಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದರು, ನಡುವೆ ಇಪ್ಪತ್ತು ಮೀಟರ್. ಸ್ಪೀಕರಿನಿಂದ ಟೂಂ ಎಂದು ಸದ್ದು ಬರುವಷ್ಟರಲ್ಲಿ ಆಚೆಯ ಗೆರೆ ಮುಟ್ಟಬೇಕು, ಮತ್ತೊಂದು ಟೂಂ ಎನ್ನುವಷ್ಟರಲ್ಲಿ ಈಚೆಗೆ ಬರಬೇಕು. ನಿಮಿಷಕ್ಕೊಮ್ಮೆ ಸದ್ದು ಹತ್ತಿರ ಹತ್ತಿರವಾಗುತ್ತದೆ. ಎರಡು ಸಲ ತಪ್ಪಿದವರು ಹೊರಗೆ. ಕೊನೆಗೆ ಉಳಿದ ಎಂಟು ಮಂದಿ ಒಳಗೆ.

ಮೊದಲ ನಾಲ್ಕು ನಿಮಿಷ ಯಾರಿಗೂ ಕಷ್ಟವಾಗಲಿಲ್ಲ. ಐದರಲ್ಲಿ ಸಿಂಧನೂರಿನ ಹುಡುಗಿಯರಿಬ್ಬರು ಸೊಂಟ ಹಿಡಿದು ನಿಂತರು. ಆರರಲ್ಲಿ ಒಟ್ಟಿಗೇ ಹತ್ತು ಮಂದಿ ಹೊರಬಿದ್ದರು. ದೀಪಾ ಹಗುರವಾಗಿ, ಹಿಮ್ಮಡಿ ನೆಲಕ್ಕೆ ತಾಗದಂತೆ ಓಡುತ್ತಿದ್ದಳು. ಅಣ್ಣನದೂ ಅದೇ ಓಟ. ಸುರೇಖಾ ಆ ಕಾಲುಗಳನ್ನು ನೋಡಲಾರದೆ ಮುಖ ನೋಡತೊಡಗಿದಳು.

ಏಳನೆಯ ನಿಮಿಷದಲ್ಲಿ, ಗೆರೆ ಮುಟ್ಟಿ ತಿರುಗುವಾಗ, ದೀಪಾ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ತೆರೆದಳು. ಮುಂದಿನ ತಿರುವಿನಲ್ಲಿ ಮತ್ತೆ.

ಸುರೇಖಾಳಿಗೆ ಗಂಡನ ಮಾತು ನೆನಪಾಯಿತು. ಸಾಯುವುದಕ್ಕೆ ಒಂದು ವಾರ ಮುಂಚೆ ಪಂಪಾಪತಿ ಜಗಲಿಯ ಮೇಲೆ ಬೂಟು ಬಿಚ್ಚುತ್ತಾ, "ಓಡೂಮುಂದ ಒಂದೊಂದ ಸಲ ಲೈಟ್ ಹೋಗಿ ಬಂದಂಗ ಆಗ್ತದಲೇ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು.

ಟೂಂ.

ಆ ನಿಮಿಷದಲ್ಲಿ ಅರ್ಧಕ್ಕರ್ಧ ಮಂದಿ ಹೊರಬಿದ್ದು ಹದಿನಾಲ್ಕು ಮಂದಿ ಉಳಿದಿದ್ದರು. ಇನ್ನು ಆರು ಜನ ಹೋದರೆ ದೀಪಾ ಒಳಗೆ. ಇನ್ನೊಂದು ನಿಮಿಷ, ಬಹಳವೆಂದರೆ ಎರಡು. ಏನೂ ಆಗದಿದ್ದರೆ? ತಾನೇ ಕೈಯಾರೆ ಕೆಡಿಸಿದಂತಾಗುತ್ತದೆ. ಏನಾದರೂ ಆದರೆ? ಎದ್ದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಗೆರೆ ತುಳಿದು ಹೋಗಿ ಮಂಜೂರರ ತೋಳು ಹಿಡಿದಿದ್ದಳು.

"ನಿಲ್ಲಸ್ರಿ ಸರ್. ನಮ್ಮ ದೀಪಾನ್ನ ನಿಲ್ಲಸ್ರಿ."

"ಯಾಕ್ರಿಯವ್ವಾ? ಹುಲಿಯಂಗ ಓಡಾಕತ್ಯಾಳ."

"ಫಾರ್ಮಿನ್ಯಾಗ ಸುಳ್ಳು ಬರದೀನಿ. ಅಕಿ ಅಣ್ಣ ಓಡೂಮುಂದನ ಸತ್ತಾನ. ಅಕಿನೂ ಹೋದ ತಿಂಗಳ ಬಿದ್ದಿದ್ಲು."

ಮಂಜೂರರ ಮುಖದ ಬಣ್ಣವೇ ಬದಲಾಯಿತು. ಸೀಟಿ ಊದಿದರು. ಉಳಿದವರು ನಿಂತರೂ ದೀಪಾ ನಿಲ್ಲಲಿಲ್ಲ. ವೈನಿ ಅಲ್ಲಿ ನಿಂತದ್ದನ್ನು ಕಂಡಿದ್ದಳು, ಎಲ್ಲ ಹೇಳಿಬಿಟ್ಟಿದ್ದಾಳೆಂದು ಗೊತ್ತಾಗಿತ್ತು. ಸದ್ದಿಗೆ ಕಾಯದೆ ಆಚೆಯ ಗೆರೆಯತ್ತ ಓಡಿದಳು. ಮಂಜೂರ್ ಹಿಂದೆ ಓಡಿ ರಟ್ಟೆ ಹಿಡಿದು ನಿಲ್ಲಿಸಿದರು. ಅವಳ ಕೊರಳಿಗೆ ಎರಡು ಬೆರಳಿಟ್ಟು ಗಡಿಯಾರ ನೋಡಿದರು. ಮತ್ತೆ ಮೊದಲಿನಿಂದ ಎಣಿಸಿದರು. ಮೂರನೆಯ ಸಲ ಎಣಿಸುವಾಗ ನಾಡಿ ಲೆಕ್ಕಕ್ಕೆ ಸಿಗದೆ ಅವರ ತುಟಿ ಅಲುಗಾಡುವುದು ನಿಂತಿತು.

"ಆಟೋ ಕರೀರಿ," ಎಂದರು ಯಾರಿಗೋ, ಮೆಲ್ಲಗೆ.

ದೀಪಾ ಸುರೇಖಾಳನ್ನು ನೋಡಿದಳು. "ನಮ್ಮಣ್ಣನ್ನ ನುಂಗಿದಿ. ಈಗ ನನ್ನ ನಸೀಬಾನೂ ನುಂಗಿದಿ. ಹೊಟ್ಟಿ ತುಂಬತಾ?"

ಈ ಮಾತನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ. ಎಂದಾದರೂ ಆಡುತ್ತಾರೆಂದು ಸುರೇಖಾ ಕಾಯುತ್ತಲೇ ಇದ್ದಳು. "ಆಟೋ ಹತ್ತು," ಎಂದಳು.

ಆಸ್ಪತ್ರೆಯಲ್ಲಿ ನರ್ಸ್ ಮಹೇಶ್ವರಿ ದೀಪಾಳನ್ನು ಮಲಗಿಸಿ ಕೈಕಾಲಿಗೆ ಕ್ಲಿಪ್ಪು, ಎದೆಗೆ ತಣ್ಣನೆಯ ಗುಂಡಿಗಳನ್ನು ಹಚ್ಚಿದಳು. "ಅಳಬ್ಯಾಡವ್ವಾ, ಅತ್ರ ಗೆರಿ ಕೆಡ್ತಾವ." ಹಳೆಯ ಇಸಿಜಿ ಯಂತ್ರ ಕಿರ್ರೆಂದು ಸಣ್ಣ ಕಾಗದದ ಪಟ್ಟಿಯನ್ನು ಹೊರಹಾಕಿತು. ಡಾಕ್ಟರು ಒಂದು ಮೊಳ ಹರಿದು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಹಣೆಗೇರಿಸಿ ಮತ್ತೆ ಹಿಡಿದರು.

"ಇವತ್ತು ಓಡ್ಯಾಳೇನು?"

"ಓಡ್ಯಾಳ್ರಿ. ಏಳು ನಿಮಿಷ."

ಅವರು ಮಹೇಶ್ವರಿಯತ್ತ ತಿರುಗಿ, "ಇನ್ನೊಮ್ಮೆ ತಗೀರಿ. ಉದ್ದ ಬರ್ಲಿ," ಎಂದು ಫೋನು ಹಿಡಿದು ಹೊರಗೆ ಹೋದರು. ರಾಯಚೂರಿನ ಹೃದಯದ ಡಾಕ್ಟರ ಹೆಸರು ಹೇಳುತ್ತಿದ್ದುದು ಬಾಗಿಲಾಚೆಯಿಂದ ಕೇಳಿಸಿತು.

ದೀಪಾ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಿದ್ದಳು. ಹಾಗೇ ನೋಡುತ್ತಾ ಕೇಳಿದಳು, "ಅಣ್ಣಂದು ಹಿಂಗ ತಗಸಿದ್ರೇನು ವೈನಿ?"

"ಯಾರೂ ತಗಸಲಿಲ್ಲ."

ಯಂತ್ರ ಮತ್ತೆ ಕಿರ್ರೆಂದಿತು. ಪಟ್ಟಿ ಮೇಜಿನ ಅಂಚು ದಾಟಿ ಕೆಳಗಿಳಿಯತೊಡಗಿತು. ನೆಲ ಈಗಷ್ಟೇ ಒರೆಸಿದ್ದರಿಂದ ಒದ್ದೆಯಾಗಿತ್ತು. ಸುರೇಖಾ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಚಾಚಿದಳು. ಏರಿಳಿಯುವ ಗೆರೆ ಹೊತ್ತ ಕಾಗದ, ಇನ್ನೂ ಬೆಚ್ಚಗಿದ್ದದ್ದು, ಅವಳ ಕೈಗಳಲ್ಲಿ ಮಡಿಕೆ ಮಡಿಕೆಯಾಗಿ ಇಳಿಯುತ್ತಿತ್ತು.