ಗೋಣಿ ಹಾಸಿದ ಸೀಟು

"ಏ ಮೂಟೆ, ಗೋಣಿ ಹಾಸ್ದೇ ಹತ್ತಿದ್ಯೇನೇ? ನಿನ್ನ ಬೆವರಿನ ಮೇಲೆ ಗೆಸ್ಟ್‌ಗಳು ಕೂತ್ಕೋಬೇಕಾ, ಮುಂಡೆ?"

ಮೇಸ್ತ್ರಿ ಗದರಿದ. ಅವಳು ತಂತಿಗೆ ತೂಗುಹಾಕಿದ್ದ ಸೀಟಿನಿಂದ ಇಳಿದಳು. ಅವನ ಕಾಲ ಬಳಿ ಬಿದ್ದಿದ್ದ ಗೋಣಿಚೀಲವನ್ನು ಕೊಡವಿ ಸೀಟಿನ ಮೇಲೆ ಹಾಸಿ ಮತ್ತೆ ಕೂತಳು. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಆ ಕಾಡುಬೆಟ್ಟಕ್ಕೆ ವರ್ಷವಿಡೀ ಜನ. ಬೇಸಿಗೆಯಲ್ಲಿ ಬೆಟ್ಟ ಹತ್ತುವವರು, ಮಳೆಯಲ್ಲಿ ಬೇಕೆಂದೇ ನೆನೆಯುವವರು, ಚಳಿಯಲ್ಲಿ ಬೆಂಕಿಯ ಸುತ್ತ ಕುಣಿಯುವವರು. ಎಲ್ಲರಿಗೂ ಕಮರಿಯ ಮೇಲಿನ ಈ ತಂತಿ ಬೇಕು. ಸೀಟಿನಲ್ಲಿ ಕೂತು ಆಚೆ ದಡಕ್ಕೆ ಜುಯ್ ಎಂದು ಜಾರಿದರೆ ಜನ್ಮ ಸಾರ್ಥಕ. ಅದಕ್ಕೆ ಮೊದಲು ತಂತಿ ಭಾರ ತಡೆಯುತ್ತದೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ನೋಡಬೇಕು. ಹಿಂದೆ ಮರಳಿನ ಮೂಟೆ ಕಟ್ಟಿ ಬಿಡುತ್ತಿದ್ದರು. ಅದು ಒಡೆದು ಗಲೀಜಾಗುತ್ತಿತ್ತು, ಎತ್ತಿಡಲು ಇಬ್ಬರು ಬೇಕಿತ್ತು. ಮನುಷ್ಯರಾದರೆ ತಾವೇ ಹತ್ತಿ ತಾವೇ ಇಳಿಯುತ್ತಾರೆ. ಮೊದಲು ಇವಳ ಗಂಡ ಹೋಗುತ್ತಿದ್ದ. ಒಂದು ದಿನ ತಂತಿ ತಡೆಯಲಿಲ್ಲ. ಕುಡಿದಿದ್ದ ಅಂದರು. ಆಮೇಲೆ ಇವಳು ಬಂದಳು.

ಇವತ್ತು ಮಗಳನ್ನೂ ಕರೆದುಕೊಂಡು ಬಾ ಎಂದಿದ್ದರು. ಇನ್ನು ಮುಂದೆ ಗೆಸ್ಟ್‌ಗಳ ಮಕ್ಕಳನ್ನೂ ತಂತಿಯ ಮೇಲೆ ಬಿಡುತ್ತಾರಂತೆ.

"ಹಗುರ ಇರೋರು ನಡುವೆ ನಿಂತ್ಬಿಡ್ತಾರಾ ಅಂತ ನೋಡ್ಬೇಕು," ಎಂದ ಮೇಸ್ತ್ರಿ. "ಮೊದ್ಲು ನೀನು ಹೋಗು. ಸೀಟು ವಾಪಸ್ ಬಂದ್ಮೇಲೆ ಇವಳನ್ನ ಕಳಿಸ್ತೀನಿ."

"ಮಗು ಅಣ್ಣಾ ಅದು. ನಡುವೆ ನಿಂತು ಜಾರಿಬಿದ್ರೆ ಏನ್ ಮಾಡ್ಲಿ?"

"ಅದನ್ನೇ ಕಣೇ ನೋಡೋದು. ಗೆಸ್ಟ್ ಮಕ್ಕಳನ್ನ ನೇತಾಕಿ ನೋಡೋಕಾಗುತ್ತಾ? ಆಗಲ್ಲ ಅಂದ್ರೆ ಹೇಳ್ಬಿಡು, ನಾಳೆಯಿಂದ ಬೇರೆಯವಳನ್ನ ನೋಡ್ಕೋತೀನಿ."

ಬೆಳಗಿನ ಸಾಲಿನಲ್ಲಿ ನಿಂತಿದ್ದ ಗೆಸ್ಟ್‌ಗಳು ಆಗಲೇ ಮೊಬೈಲ್ ಎತ್ತಿದ್ದರು. ಸೊಂಟಕ್ಕೆ ಕಟ್ಟುವ ದೊಡ್ಡವರ ಬೆಲ್ಟು ಮಗಳಿಗೆ ಕಂಕುಳ ತನಕ ಬಂದಿತ್ತು. ಅವಳಿಗೋ ಖುಷಿಯೇ ಖುಷಿ.

"ಅಮ್ಮಾ, ನಾನೂ ನಿನ್ ಥರ ಹಾರ್ತೀನಿ."

ತಾಯಿ ಏನಾದರೂ ಹೇಳುವ ಮೊದಲೇ ಮೇಸ್ತ್ರಿ ಸೀಟನ್ನು ಒದ್ದು ನೂಕಿದ.

ನಡುವೆ, ಗಂಡ ಬಿದ್ದ ಜಾಗ ಬಂದಾಗ, ದಿನಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇವತ್ತು ಬಿಟ್ಟುಕೊಂಡೇ ಹೋದಳು. ಕೆಳಗೆ ಮರಗಳ ನೆತ್ತಿ ಬಿಟ್ಟರೆ ಏನೂ ಇರಲಿಲ್ಲ.

ಆಚೆ ದಡದಲ್ಲಿ ಇಳಿದು ಸೀಟಿಗೆ ಕಟ್ಟಿದ ಸಣ್ಣ ಹಗ್ಗ ಜಗ್ಗಿದರೆ ಮೇಸ್ತ್ರಿ ಸೀಟನ್ನು ವಾಪಸ್ ಎಳೆದುಕೊಳ್ಳುವುದು ವಾಡಿಕೆ. ಅವಳು ಆ ಹಗ್ಗದ ಗಂಟಿಗೆ ಕೈ ಹಾಕಿದಳು. ಮಳೆಬಿಸಿಲಿಗೆ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂತು. ಹಲ್ಲು ಹಾಕಿ ಬಿಚ್ಚಿದಳು. ಆಮೇಲೆ ಎಂದಿನಂತೆ ಹಗ್ಗ ಜಗ್ಗಿ ಕೈಬಿಟ್ಟಳು.

ಮೇಸ್ತ್ರಿ ಎಳೆದ. ಸೀಟು ಇಲ್ಲೇ ಉಳಿದು ಹಗ್ಗದ ತುದಿಯೊಂದೇ ಕಮರಿ ದಾಟಿ ಅವನ ಕೈ ಸೇರಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಬಾಯಿಗೆ ಬಂದ ಹಾಗೆ ಬೈಯತೊಡಗಿದ. ಅಷ್ಟು ದೂರಕ್ಕೆ ಬೈಗುಳ ತಲುಪಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

"ಮಗಾ, ಮನೆಗೆ ಹೋಗು," ಎಂದು ಅವಳು ಕೂಗಿದಳು. ಮಗು ಅಲುಗಲಿಲ್ಲ. ಗಂಟಲು ಹರಿಯುವ ಹಾಗೆ ಮತ್ತೆ ಕೂಗಿ, ಮನೆಯ ಕಡೆ ಕೈ ಬೀಸಿ ತೋರಿಸಿದಳು. ಮಗಳು ಅಳುತ್ತ, ಬಿಚ್ಚಲು ಬಾರದ ಬೆಲ್ಟನ್ನು ಹಾಕಿಕೊಂಡೇ, ಮನೆ ದಾರಿಯ ಇಳಿಜಾರಿನ ಕಡೆ ನಡೆದಳು.

ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿ ಕಮರಿಗೆ ಇಳಿಯತೊಡಗಿದ. ಕೆಲಸ ಹೋಯಿತು, ಅದು ಅವಳಿಗೆ ಗೊತ್ತು. ಅವನು ಹತ್ತಿ ಬಂದರೆ ಏಟೂ ಬೀಳುತ್ತದೆ. ಓಡುವ ಮನಸ್ಸಿರಲಿಲ್ಲ.

ಸೀಟಿನ ಮೇಲಿದ್ದ ಗೋಣಿಯನ್ನು ತೆಗೆದು ಅವನು ಇಳಿಯುತ್ತಿದ್ದ ಕಡೆಗೇ ಎಸೆದಳು. ಬರಿ ಸೀಟಿನಲ್ಲಿ ಬೆವೆತ ಬೆನ್ನನ್ನು ಪೂರ್ತಿ ಒರಗಿಸಿ ಕೂತು, ಅವನು ಬರುವುದನ್ನೇ ನೋಡತೊಡಗಿದಳು.