ಒಂದು ಪೆಟ್ಟು ತಡ

"ಚೀಲದಲ್ಲಿ ತಂದೇಬಿಟ್ಟಿದಾನೆ ಕಣೆ. ಹೆಜ್ಜೆ ಇಟ್ರೆ ಸಾಕು, ಒಳಗೆ ಟಣ್ ಅಂತದೆ."

ಗಂಡನ ಅಕ್ಕ ಬರ್ನಿಸ್ ಕಿವಿಯಲ್ಲಿ ಉಸುರಿದಾಗ ರೆಜಿನಾ ಕಪ್ಪು ಟೋಪಿಗೆ ಪಿನ್ನು ಸಿಗಿಸುತ್ತಿದ್ದಳು. ಪಿನ್ನು ಬೆರಳಿಗೆ ನಾಟಿತು. ಇಗರ್ಜಿಯೊಳಗೆ ಗಂಡ ಕಾಜ್‌ನ ಶವಪೆಟ್ಟಿಗೆ ಆಗಲೇ ಬಂದಿತ್ತು. ಅವಳು ಅತ್ತ ಹೋಗದೆ ಪಕ್ಕದ ಬಾಗಿಲಿನಿಂದ ಹೊರಗೆ ನಡೆದಳು.

ಮೆಟ್ಟಿಲ ಮೇಲೆ ಹಳೆಯ ವಾದ್ಯಮೇಳದ ಯಜಮಾನ ಆಟ್ಟೊ ಸಿಗರೇಟು ಸೇದುತ್ತ ನಿಂತಿದ್ದ.

"ಕೊಡಿ ಇಲ್ಲಿ, ಆ ಹಸುವಿನ ಗಂಟೆ."

"ಒಂದೇ ಒಂದ್ ಸಲ ಕಣಮ್ಮ. ಮಣ್ಣಲ್ಲಿ ಇಳಿಸೋವಾಗ, ಪಾದ್ರಿಗಳು ಆಮೆನ್ ಅಂದ್ಮೇಲೆ. ಜನ ಕಾಯ್ತಾರೆ."

"ಇಪ್ಪತ್ತೊಂದು ವರ್ಷದಿಂದ ಕಾಯ್ತಾನೇ ಇದಾರೆ. ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡು ಕೇಳ್ದ, ಕೊನೇ ಸಲನಾದ್ರೂ ತಾಳಕ್ಕೆ ಸರಿಯಾಗಿ ಮುಗೀಲಿ ಅಂತ. ಆಗ್ಲಿ ಅಂದಿದೀನಿ."

ಆಟ್ಟೊ ಸಿಗರೇಟು ಆರಿಸಿ ಚೀಲ ಬಿಚ್ಚಿದ. "ನಾಲಿಗೆ ಹುಷಾರು. ಸುಮ್ನಿರೋ ಜಾತಿ ಅಲ್ಲ ಅದು."

ರೆಜಿನಾ ತನ್ನಲ್ಲಿದ್ದ ಒಂದೇ ಕರವಸ್ತ್ರವನ್ನು ಗಂಟೆಯ ನಾಲಿಗೆಗೆ ಬಿಗಿಯಾಗಿ ಸುತ್ತಿ ಕೈಚೀಲದೊಳಗೆ ತುರುಕಿದಳು.

*

ನಲವತ್ತೇಳನೆಯ ಇಸವಿ, ಅಮೆರಿಕದ ಮಿಲ್ವಾಕಿಯ ರೇಡಿಯೊ ಕೇಂದ್ರ. ಅಳುಬುರುಕ ಪ್ರೇಮಗೀತೆಗಳನ್ನು ಅಣಕಿಸುವ ಹಾಡೊಂದನ್ನು ರೆಕಾರ್ಡ್ ಮಾಡುತ್ತಿದ್ದರು. "ನಿನ್ನ ಬಾಗಿಲಲ್ಲೇ ಪ್ರಾಣ ಬಿಡುವೆ" ಎಂದು ಕೊನೆಯ ಸಾಲಿನಲ್ಲಿ ಹಾಡುಗಾರ ಗೋಳಾಡಿದ ಮರುಕ್ಷಣ ಡ್ರಮ್ ನುಡಿಸುವ ಕಾಜ್ ಹಸುವಿನ ಗಂಟೆ ಬಾರಿಸಬೇಕು. ಬಾಗಿಲು ತೆರೆದರೆ ಅಲ್ಲಿ ನಿಂತಿರುವುದು ಪ್ರೇಯಸಿಯಲ್ಲ, ಹಸು. ಹಾಡು ನೇರವಾಗಿ ಗ್ರಾಮಫೋನ್ ತಟ್ಟೆಯ ಮೇಲೆ ಕೊರೆದುಕೊಳ್ಳುತ್ತಿದ್ದ ಕಾಲ. ಯಾರಾದರೂ ತಪ್ಪಿದರೆ ಆ ತಟ್ಟೆ ದಂಡ.

ಕಾಜ್ ತಪ್ಪುವವನಲ್ಲ. ಅವನ ಡ್ರಮ್ ಕೇಳಿ ಗಡಿಯಾರ ಸರಿಮಾಡಿಕೊಳ್ಳಬಹುದು ಎನ್ನುತ್ತಿದ್ದರು. ಆದರೆ ಅಂದು ಗಾಜಿನ ಆಚೆ ಟೈಪಿಸ್ಟ್ ಹುಡುಗಿ ರೆಜಿನಾ ಕೆನ್ನೆ ಹಿಡಿದುಕೊಂಡು, ಹಲ್ಲುನೋವಿಗೆ ಅಳುತ್ತ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನ ಕಣ್ಣು ಅತ್ತ ಹೋಯಿತು. ಹಾಡು ಮುಗಿಯಿತು, ವಾದ್ಯಗಳೆಲ್ಲ ನಿಂತವು, ಆಮೇಲೆ ಟಣ್.

ಆಟ್ಟೊ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಯಂತ್ರದ ಮುಂದಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ತಟ್ಟೆಯನ್ನೇ ಅಚ್ಚು ಹಾಕಿಸಿದರು. ಪ್ರತಿ ಶನಿವಾರ ರೇಡಿಯೊದಲ್ಲಿ ಅದೇ ಹಾಡು. ಜನರ ಮುಂದೆ ನುಡಿಸುವಾಗ ಕಾಜ್ ಆ ತಪ್ಪನ್ನೇ ಅಷ್ಟೇ ಅಳತೆಯಲ್ಲಿ ಮತ್ತೆ ಮತ್ತೆ ಮಾಡಬೇಕಾಯಿತು. ಮೇಳ ಮುರಿದು ಅವನು ಚರ್ಮ ಹದಮಾಡುವ ಕಾರ್ಖಾನೆ ಸೇರಿದ ಮೇಲೂ ಬಿಡಲಿಲ್ಲ. ಕಟುಕನ ಅಂಗಡಿಯಲ್ಲಿ ಅವನು ಮಾತು ಮುಗಿಸಿದರೆ ಎಲ್ಲರೂ ಟಣ್ ಸದ್ದಿಗೆಂಬಂತೆ ಒಂದು ಗಳಿಗೆ ಕಾದು ನಗುತ್ತಿದ್ದರು. ಮದುವೆಯಲ್ಲಿ ಅವನು "ಒಪ್ಪಿದೆ" ಎಂದಾಗ ಪಾದ್ರಿಯೇ ತಾಳದ ಒಂದು ಪೆಟ್ಟು ಕಾದಿದ್ದರು.

ಕಾಜ್ ಕೂಡ ನಗುತ್ತಿದ್ದ. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಎರಡು ಚಮಚ ಹಿಡಿದು ಕೂದಲೆಳೆಯಷ್ಟೂ ತಪ್ಪದೆ ತಾಳ ಹಾಕುತ್ತಿದ್ದ. ಆಲೂಗಡ್ಡೆ ಹೆಚ್ಚುತ್ತ ರೆಜಿನಾ ಒಬ್ಬಳೇ ಕೇಳುತ್ತಿದ್ದಳು.

*

ಸ್ಮಶಾನದಲ್ಲಿ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ರೆಜಿನಾ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಕಾಲು ಬದಲಿಸುತ್ತ ನಿಂತಿದ್ದಳು. ಮೂಗು ಸೋರುತ್ತಿತ್ತು. ಅವಳು ಅಳಲಿಲ್ಲ, ಅಳಲು ಕರವಸ್ತ್ರವಿರಲಿಲ್ಲ.

ಪಾದ್ರಿ ಆಮೆನ್ ಎಂದರು.

ಯಾರೂ ಅಲುಗಲಿಲ್ಲ. ಕಾರ್ಖಾನೆಯವರು, ಕಟುಕ, ಬರ್ನಿಸ್ ಕೂಡ ಉಸಿರು ಹಿಡಿದು ಒಂದು ಪೆಟ್ಟು ಕಾದರು. ಗಾಳಿಯ ಸದ್ದಷ್ಟೇ. ಮತ್ತೆ ಎಲ್ಲರೂ ಕೆಮ್ಮಿ, ಟೋಪಿ ಇಟ್ಟುಕೊಂಡು, ಬರ್ನಿಸ್ ಮನೆಯ ಊಟದ ಮಾತೆತ್ತಿ ಕಾರುಗಳತ್ತ ಹೊರಟರು.

ಆಟ್ಟೊ ಪಕ್ಕಕ್ಕೆ ಬಂದ. "ಸರಿಯಾಗೇ ಮುಗೀತು ಬಿಡು. ಆದ್ರೆ ಅವತ್ತು ಯಾಕೆ ತಡ ಮಾಡ್ದ ಅಂತ ಆ ಪುಣ್ಯಾತ್ಮ ನನಗೆ ಕೊನೇವರೆಗೂ ಬಾಯ್ಬಿಡ್ಲಿಲ್ಲ. ನಿನಗಾದ್ರೂ ಹೇಳಿದ್ನಾ?"

"ಹಲ್ಲು ನೋಯ್ತಿತ್ತು."

"ಅವನಿಗಾ?"

"ನನಗೆ."

ಆಟ್ಟೊ ಅವಳನ್ನೇ ನೋಡುತ್ತ ನಿಂತ. ರೆಜಿನಾಳ ಕಣ್ಣು ತುಂಬಿ ಬಂದು ದಾರಿ ಕಾಣದಾಯಿತು. ಅವಳು ಕೈಚೀಲ ತೆರೆದು, ತಡಕಾಡಿ, ಕರವಸ್ತ್ರವನ್ನು ಎಳೆದಳು.

ಟಣ್.

ಕಾರಿನ ಬಾಗಿಲಿಗೆ ಕೈ ಹಾಕಿದ್ದವರೆಲ್ಲ ಹಾಗೆಯೇ ನಿಂತು, ಒಬ್ಬೊಬ್ಬರಾಗಿ ಟೋಪಿ ತೆಗೆದರು.